ಮರವಾಗಿ ಬಗ್ಗಿದವರು

ಮುಪ್ಪಿನ ವಿಚಾರದಲ್ಲಿ ನಮ್ಮ ಗಾದೆಗಳು ಬಹಳ ನಿಷ್ಠುರವಾದವು. ಅರವತ್ತಕ್ಕೆ ಅರಳು ಮರಳು ಎಂದು ಒಂದು ಗಾದೆ ತೀರ್ಪು ಕೊಡುತ್ತದೆ; ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಇನ್ನೊಂದು, ಮೇಲಿನ ಕೋರ್ಟಿಗೂ ಹೋಗಲಾಗದಂತೆ, ಬಾಗಿಲು ಹಾಕಿಬಿಡುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಮೂರನೆಯ ಗಾದೆ ಇವೆರಡಕ್ಕೂ ಜಾಮೀನು ನಿಂತಿದೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನಾನು ಗಾದೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನಾನಿರುವುದು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ. ಇಲ್ಲಿ ದಿನ ಬೆಳಗಾದರೆ ಮರಗಳು ಬಗ್ಗುತ್ತವೆ. ಅದನ್ನು ಕಣ್ಣಾರೆ ಕಾಣುತ್ತ ಗಾದೆಯನ್ನೇ ನಂಬಿಕೊಂಡಿರುವುದು ಸ್ವಲ್ಪ ಕಷ್ಟ.

ಬಗ್ಗುವವರು ಪರದೇಶದವರು. ಬೆಳಗಿನ ನಾಲ್ಕು ನಾಲ್ಕೂವರೆಗೆ, ಹಾಲಿನವನಿಗಿಂತ ಮೊದಲು, ಸುರುಳಿ ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡು ಅವರು ಯೋಗಶಾಲೆಗಳ ಕಡೆಗೆ ಹೊರಡುತ್ತಾರೆ. ಏಳೂವರೆ ಎಂಟರ ಹೊತ್ತಿಗೆ ಬೆವರಿ, ಕೆಂಪಾಗಿ, ಎಳನೀರಿನ ಗಾಡಿಯ ಸುತ್ತ ನಿಂತಿರುತ್ತಾರೆ. ವಿದೇಶವೆಂದರೆ ನಮಗೆ ಅವರ ಊರು. ಅವರಿಗೆ ವಿದೇಶವೆಂದರೆ ನಮ್ಮ ಹಾಲಿನ ಬೂತು, ನಮ್ಮ ಹಲಸಿನ ಮರ, ನಮ್ಮ ಬೀದಿಯ ನಾಯಿ. ಮನುಷ್ಯ ಹೊಸಬನಾಗಲು ದೂರ ಹೋಗಬೇಕೆಂದು ಹೊರಟಾಗ ಆ ದೂರದ ಕೊನೆಯಲ್ಲಿ ಯಾರದೋ ಮನೆಯ ಹಿತ್ತಿಲು ಇರುತ್ತದೆ ಎಂಬುದನ್ನು ನಾನು ಕಲಿತದ್ದು ಇಲ್ಲಿಯೇ.

ಇವರು ಮೈಸೂರಿಗೇ ಏಕೆ ಬಂದರೆಂಬುದಕ್ಕೆ ಒಂದು ಇತಿಹಾಸವಿದೆ. ನಮ್ಮ ಊರಿನ ಹುಡುಗರೇ ಅದನ್ನು ಅರಿಯರು. ನಾಲ್ವಡಿ ಕೃಷ್ಣರಾಜ ಒಡೆಯರು ತಿರುಮಲೈ ಕೃಷ್ಣಮಾಚಾರ್ಯರನ್ನು ಕರೆಸಿ, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದಕ್ಕೆ ಅವಕಾಶ ಮಾಡಿಕೊಟ್ಟರು. ಕೋಲಾರ ಸೀಮೆಯ ಬೆಳ್ಳೂರಿನ ಸುಂದರರಾಜ, ಅಂದರೆ ಮುಂದೆ ಪುಣೆಯಲ್ಲಿ ನೆಲೆಸಿ ಲೋಕಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರ್ಯರು, ಹಾಸನ ಜಿಲ್ಲೆಯ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು, ಇಬ್ಬರೂ ಆ ಗುರುವಿನ ಶಿಷ್ಯರು. ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸುತ್ತ, ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಪುಟ್ಟ ಶಾಲೆ ನಡೆಸಿದರು. 1962ರಲ್ಲಿ ಅವರ ‘ಯೋಗಮಾಲಾ’ ಪ್ರಕಟವಾಯಿತು, ಕನ್ನಡದಲ್ಲಿ. ಈಗ ಹತ್ತಾರು ದೇಶದವರು ಓದುವ ಆ ಗ್ರಂಥ ಹುಟ್ಟಿದ್ದು ನಮ್ಮ ಭಾಷೆಯಲ್ಲಿ ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಾನು ಅಭಿಮಾನಕ್ಕೆ ಉತ್ಪ್ರೇಕ್ಷೆ ಮಾಡುತ್ತಿದ್ದೇನೆಂದು ತಿಳಿಯುತ್ತಾರೆ. 1964ರಲ್ಲಿ ಬೆಲ್ಜಿಯಂ ದೇಶದ ಆಂದ್ರೆ ವಾನ್ ಲೀಸ್‌ಬೆತ್ ಬಂದು ಜೋಯಿಸರ ಬಳಿ ಕಲಿತುಹೋದರು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದರು. 2002ರಲ್ಲಿ ಶಾಲೆ ಗೋಕುಲಂಗೆ ಬಂದಾಗ ನಮ್ಮ ಬಡಾವಣೆಯ ಹಣೆಬರಹವೇ ಬೇರೆಯಾಯಿತು. ಇಂದು ದೊಡ್ಡವು ಚಿಕ್ಕವು ಸೇರಿ ಹಲವು ಶಾಲೆಗಳಿವೆ.

ಈ ಪರಂಪರೆಯಲ್ಲಿ ಎಲ್ಲವೂ ಬಂಗಾರವೆಂದು ಹೇಳುವಂತಿಲ್ಲ. 2009ರಲ್ಲಿ ಜೋಯಿಸರು ತೀರಿಕೊಂಡ ಮೇಲೆ, ಪಾಠದ ವೇಳೆ ಅವರಿಂದ ಅನುಚಿತವಾದ ಸ್ಪರ್ಶವನ್ನು ಅನುಭವಿಸಬೇಕಾಯಿತೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದ್ದಾರೆ. ಅದನ್ನು ಕೇಳದವರಂತೆ ಇರುವುದು ಸರಿಯಲ್ಲ. ಗುರುವಿಗೆ ತಲೆಬಾಗುವುದು ಬೇರೆ, ತಲೆಯನ್ನೇ ಒಪ್ಪಿಸುವುದು ಬೇರೆ. ವಯಸ್ಸಾದ ಮೇಲೆ ಶಿಷ್ಯರಾಗುವವರಿಗೆ ಒಂದು ಅನುಕೂಲವಿದೆ: ಅವರು ಬರುವಾಗ ವಿವೇಕವನ್ನೂ ಜೊತೆಗೆ ತರಬಲ್ಲರು.

ನಾನು ಹೇಳಹೊರಟದ್ದು ಅಂಥ ಒಬ್ಬರ ವಿಷಯ. ಇಲ್ಲಿಗೆ ಬರುವವರಲ್ಲಿ ಮೂವತ್ತರ ಆಚೀಚಿನವರೇ ಹೆಚ್ಚು. ಅವರ ಮೈ ಬಗ್ಗುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಆದರೆ ಪ್ರತಿ ಚಳಿಗಾಲದಲ್ಲಿ ಅವರ ನಡುವೆ ನಾಲ್ಕಾರು ನರೆತ ತಲೆಗಳು ಕಾಣುತ್ತವೆ. 2017ರ ನವೆಂಬರಿನಲ್ಲಿ ಅಂಥ ಒಂದು ತಲೆ ನಮ್ಮ ಅತ್ತಿಗೆಯ ಮನೆಯ ಮಹಡಿಗೆ ಬಾಡಿಗೆಗೆ ಬಂತು.

ಅತ್ತಿಗೆ ಎಂದರೆ ನಮ್ಮ ದೊಡ್ಡಪ್ಪನ ಹಿರಿಯ ಮಗನ ಹೆಂಡತಿ. ಅಣ್ಣ 2014ರಲ್ಲಿ ತೀರಿಕೊಂಡ. ಒಬ್ಬನೇ ಮಗ ಪುಣೆಯಲ್ಲಿ. ಎರಡಂತಸ್ತಿನ ಮನೆಯಲ್ಲಿ ಅತ್ತಿಗೆ ಒಬ್ಬರೇ. ಎದ್ದರೆ ಎದ್ದರು, ಇಲ್ಲದಿದ್ದರೆ ಇಲ್ಲ. ಒಂದು ಸಲ ಸಾರು ಮಾಡಿದರೆ ಎರಡು ದಿನ ಅದೇ. ಪಕ್ಕದ ಬೀದಿಯಲ್ಲಿದ್ದ ನಾನು ಕಾಲೇಜಿಗೆ ಹೋಗುವಾಗ ಗೇಟಿನಿಂದಲೇ, “ಅತ್ತಿಗೆ, ತಿಂಡಿ ಆಯ್ತಾ?” ಎನ್ನುತ್ತಿದ್ದೆ. “ಆಯ್ತಪ್ಪ” ಎನ್ನುತ್ತಿದ್ದರು. ಆ ದನಿಯಲ್ಲಿ ತಿಂಡಿಯಾಗಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು. ಮಹಡಿಯನ್ನು ಯೋಗದವರಿಗೆ ಕೊಡಬಹುದೆಂದು ಸೂಚಿಸಿದವನು ಮಗ. ಅವನ ಮನಸ್ಸಿನಲ್ಲಿದ್ದದ್ದು ಮನೆಗೆ ಕಾವಲು, ಜೊತೆಗೆ ನಾಲ್ಕು ಕಾಸು.

ಬಂದಾಕೆ ಫಿನ್ಲೆಂಡಿನವರು, ಅರವತ್ತಮೂರು ವರ್ಷ. ಎತ್ತರದ ಆಳು, ಕತ್ತರಿಸಿದ ಬಿಳಿಗೂದಲು, ಬಲಮೊಣಕಾಲು ಸ್ವಲ್ಪ ಕೆಟ್ಟದ್ದು. ಆ ದೇಶದ ದಕ್ಷಿಣದ ಕೊನೆಯಲ್ಲಿರುವ ಹೆಲ್ಸಿಂಕಿಯಲ್ಲಿಯೇ ಡಿಸೆಂಬರಿನ ಹಗಲು ಆರು ಗಂಟೆಯೂ ಇರುವುದಿಲ್ಲವಂತೆ. ಆಕೆ ಮೂವತ್ತು ವರ್ಷ ಶಾಲೆಯ ಉಪಾಧ್ಯಾಯಿನಿ, ಕೊನೆಯ ಹನ್ನೆರಡು ವರ್ಷ ಮುಖ್ಯೋಪಾಧ್ಯಾಯಿನಿ. ಐವತ್ತೇಳನೆಯ ವಯಸ್ಸಿನಲ್ಲಿ ಯೋಗ ಪ್ರಾರಂಭಿಸಿ, ನಿವೃತ್ತರಾದ ಮೇಲೆ ಉಳಿಸಿದ ಹಣದಲ್ಲಿ ಮೂರು ತಿಂಗಳಿಗೆಂದು ಬಂದಿದ್ದರು. ಹೋದದ್ದು ದೊಡ್ಡ ಹೆಸರಿನ ಶಾಲೆಗಲ್ಲ; ಎರಡು ಬೀದಿ ಆಚೆ, ಮನೆಯ ಮೇಲೆ ಶೀಟು ಹೊದಿಸಿ ಇಪ್ಪತ್ತು ಜನಕ್ಕೆ ಪಾಠ ಹೇಳುವ ಒಬ್ಬ ಯುವಕನ ಬಳಿಗೆ. ಅವರ ಹೆಸರು ನಮ್ಮ ಬೀದಿಯ ನಾಲಗೆಗೆ ಹತ್ತಲಿಲ್ಲ. ಮಕ್ಕಳು ‘ಮಹಡಿ ಅಜ್ಜಿ’ ಎಂದರು, ಅದೇ ನಿಂತಿತು.

ಒಂದು ದಿನ ಆಕೆಯ ಅಪ್ಪಣೆ ಪಡೆದು ನಾನೂ ಆ ಶಾಲೆಯ ಮೂಲೆಯಲ್ಲಿ ಕುಳಿತು ನೋಡಿದೆ. ಸಂಗೀತವಿಲ್ಲ, ಉಪದೇಶವಿಲ್ಲ. ಇಪ್ಪತ್ತು ಜನರ ಉಸಿರಾಟವೇ ದೂರದ ಜಲಪಾತದಂತೆ ಕೇಳುತ್ತದೆ. ಎಲ್ಲರೂ ಒಂದೇ ಆಸನವನ್ನು ಒಟ್ಟಿಗೆ ಮಾಡುವ ಕವಾಯತು ಅಲ್ಲ ಅದು. ಸೂರ್ಯನಮಸ್ಕಾರದಿಂದ ಹಿಡಿದು ಆಸನಗಳಿಗೆ ಒಂದು ಕ್ರಮವಿದೆ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಮಗೆ ಬರುವಲ್ಲಿಯವರೆಗೆ ಮಾಡುತ್ತಾರೆ. ಒಂದು ಆಸನ ಕೈವಶವಾಗದೆ ಮುಂದಿನದನ್ನು ಗುರು ಕೊಡುವುದಿಲ್ಲ. ನಮ್ಮ ಹಳೆಯ ಐಗಳ ಮಠದ ಪದ್ಧತಿಯೇ: ‘ಅ’ ತಿದ್ದದೆ ‘ಆ’ ಇಲ್ಲ.

ಮಹಡಿ ಅಜ್ಜಿ ನಿಂತಿದ್ದದ್ದು ಮರೀಚ್ಯಾಸನದಲ್ಲಿ. ಮರೀಚಿ ಮಹರ್ಷಿಯ ಹೆಸರಿನ ಆ ಆಸನದಲ್ಲಿ ನಾಲ್ಕು ಬಗೆ. ಕಾಲು ಮಡಿಸಿ, ಮೈ ತಿರುಚಿ, ಬೆನ್ನ ಹಿಂದೆ ಒಂದು ಕೈ ಇನ್ನೊಂದು ಕೈಯನ್ನು ಹಿಡಿಯಬೇಕು. ಆಕೆಯ ಬೆರಳುಗಳು ಒಂದನ್ನೊಂದು ಹುಡುಕುತ್ತಿದ್ದವು. ನಡುವೆ ಒಂದು ಗೇಣು ಉಳಿಯುತ್ತಿತ್ತು. ಮೂವತ್ತನಾಲ್ಕು ವರ್ಷದ ಆ ಯುವಕ ಹತ್ತಿರ ಬಂದು ನೋಡಿ, “ನಾಳೆ” ಎಂದು ಹೇಳಿ ಹೋದ. ಆಕೆ ತಲೆಯಾಡಿಸಿದರು. ಮಾರನೆಯ ದಿನವೂ ‘ನಾಳೆ’. ಮೂರು ತಿಂಗಳು ‘ನಾಳೆ’ಯಾಗಿಯೇ ಕಳೆದವು. ಬೆರಳುಗಳ ನಡುವಣ ಗೇಣು ನಾಲ್ಕು ಅಂಗುಲಕ್ಕೆ ಇಳಿಯಿತು. ಅಷ್ಟಕ್ಕಾಗಿ ಆಕೆ ಅರ್ಧ ಭೂಮಿ ದಾಟಿ ಬಂದಿದ್ದರು. ಅಷ್ಟನ್ನು ತೆಗೆದುಕೊಂಡು ಸಂತೋಷವಾಗಿ ಹೋದರು.

ಹೊರಡುವ ಮುನ್ನ ಕೇಳಿದೆ: “ಅಮ್ಮಾ, ನಿಮ್ಮ ಊರಿನಲ್ಲಿಯೂ ಒಳ್ಳೆಯ ಗುರುಗಳಿದ್ದಾರೆ ಎಂದಿರಿ. ಇಷ್ಟು ದೂರ ಬಂದದ್ದೇಕೆ?” ಆಕೆ ಬೇಗ ಉತ್ತರ ಹೇಳುವವರಲ್ಲ. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಬಿಡಿಸಿದ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮೂರಿನಲ್ಲಿ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ, ಬ್ಯಾಂಕಿನವಳೂ ಹಾಗೆ. ಎಲ್ಲರಿಗೂ ನಾನು ಏನು ಬಲ್ಲೆ ಎಂಬುದು ಗೊತ್ತು. ಮೂವತ್ತು ವರ್ಷ ಬೇರೆಯವರ ತಪ್ಪನ್ನು ತಿದ್ದಿದೆ. ನನ್ನನ್ನು ತಿದ್ದುವವರು ಒಬ್ಬರು ಬೇಕೆನ್ನಿಸಿತು. ಅಲ್ಲಿ ಯಾರೂ ತಿದ್ದುವುದಿಲ್ಲ, ನಾಚಿಕೊಳ್ಳುತ್ತಾರೆ.”

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನನಗೂ ನಲವತ್ತು ದಾಟಿತ್ತು. ಎಂ. ಎ. ಮುಗಿಸಿದ ಮೇಲೆ ಎಷ್ಟೋ ಸಾವಿರ ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ. ನನ್ನ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದವರು ಯಾರೂ ಇರಲಿಲ್ಲ. ಮೇಷ್ಟರಾದವರಿಗೆ ಮುಪ್ಪು ಬರುವುದು ಕೂದಲಿನಿಂದಲ್ಲ, ಯಾರೂ ತಿದ್ದದಿರುವುದರಿಂದ.

ಆಕೆಯಲ್ಲಿ ವಿದ್ಯಾರ್ಥಿಯ ಕುತೂಹಲ ಚೆನ್ನಾಗಿತ್ತು. ವಾರಕ್ಕೊಮ್ಮೆ ಶಾಲೆಯಲ್ಲಿ ಗುರು ಸಂಸ್ಕೃತದಲ್ಲಿ ಎಣಿಕೆ ಹೇಳುತ್ತ ಎಲ್ಲರಿಂದಲೂ ಒಟ್ಟಿಗೆ ಮಾಡಿಸುವುದುಂಟು: ಏಕಂ, ದ್ವೇ, ತ್ರೀಣಿ, ಚತ್ವಾರಿ. ಪುಸ್ತಕದಲ್ಲಿ ‘ತ್ರಯಃ’ ಎಂದೂ ನೋಡಿದ್ದೆ, ಇಲ್ಲಿ ‘ತ್ರೀಣಿ’ ಏಕೆ ಎಂದು ನನ್ನನ್ನು ಕೇಳಿದರು. ಇದು ನಪುಂಸಕ ಲಿಂಗದ ರೂಪವೆಂದೂ ಸಂಸ್ಕೃತದಲ್ಲಿ ನಾಲ್ಕರವರೆಗಿನ ಸಂಖ್ಯೆಗಳಿಗೆ ಲಿಂಗಭೇದವುಂಟೆಂದೂ ವಿವರಿಸಿದೆ. ತಮ್ಮ ಭಾಷೆಯಲ್ಲಿ ಲಿಂಗವೇ ಇಲ್ಲ, ಆದರೆ ವಿಭಕ್ತಿ ಹದಿನೈದು ಎಂದರು. ನಮ್ಮ ಹುಡುಗರು ಏಳಕ್ಕೇ ಅಳುತ್ತಾರಮ್ಮ ಎಂದೆ.

ಅತ್ತಿಗೆಗೂ ಆಕೆಗೂ ನಡುವೆ ವ್ಯಾಕರಣದ ತೊಂದರೆ ಇರಲಿಲ್ಲ. ಆಕೆ ಮೊದಲು ಕಲಿತ ಕನ್ನಡ ಪದ ‘ಸಾಕು’. ಅತ್ತಿಗೆ ಬಡಿಸುವ ರೀತಿಗೆ ಅದನ್ನು ಕಲಿಯದೆ ಗತಿಯಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಂದು ಶಾಲೆಗೆ ರಜ. ಆಕೆಯ ಬಳಿ ಅಚ್ಚುಹಾಕಿದ ತಾರೀಖಿನ ಪಟ್ಟಿಯಿತ್ತು. ಆದರೂ ಅತ್ತಿಗೆ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ತಿಥಿ ಎಷ್ಟು ಗಳಿಗೆಯವರೆಗೆ ಇದೆಯೆಂದು ನೋಡಿ, ಬೆರಳಿನಲ್ಲಿ ಎಣಿಸಿ ತೋರಿಸದೆ ಬಿಡುತ್ತಿರಲಿಲ್ಲ. ಶನಿವಾರ ಶಾಲೆಗೆ ಬಿಡುವು. ಅಂದು ಹರಳೆಣ್ಣೆ ಹಚ್ಚಿಕೊಂಡು ಸ್ನಾನ ಮಾಡಬೇಕೆಂದು ಶಿಷ್ಯರಿಗೆ ಹೇಳಿದ್ದರು. ಇದನ್ನು ಕೇಳಿ ಅತ್ತಿಗೆ ಕೆರಳಿದರು. “ಶನಿವಾರ ಗಂಡಸರಿಗೆ! ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಯೋಗ ಕಲಿಸೋರಿಗೆ ಇಷ್ಟು ಗೊತ್ತಿಲ್ವಾ?” ಎಂದು ನನ್ನ ಮೇಲೆ ಹಾರಿದರು, ಶಾಲೆ ನಡೆಸುವವನು ನಾನೇ ಎಂಬಂತೆ. ಕೊನೆಗೆ ಶುಕ್ರವಾರ ಪಾಠ ಮುಗಿಸಿ ಬಂದವರನ್ನು ಹಿತ್ತಿಲಿನ ಬಚ್ಚಲಿಗೆ ಕರೆದುಕೊಂಡು ಹೋಗಿ, ಮಣೆ ಹಾಕಿ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಾವೇ ಎರೆದರು. ಹೊರಬಂದಾಗ ಆಕೆಯ ಕಣ್ಣು ಕೆಂಪಾಗಿತ್ತು. ಸೀಗೆಯೆಂದು ಅತ್ತಿಗೆ ತಿಳಿದರು. “ನನ್ನ ತಾಯಿ ಸತ್ತ ಮೇಲೆ ಯಾರೂ ನನ್ನ ತಲೆಯನ್ನು ಹೀಗೆ ಮುಟ್ಟಿರಲಿಲ್ಲ” ಎಂದು ಆಕೆ ನನ್ನೊಡನೆ ಹೇಳಿದರು. ನಾನು ಅದನ್ನು ಕನ್ನಡಿಸಿ ಹೇಳಿದೆ. ಅತ್ತಿಗೆ ಏನೂ ಮಾತನಾಡದೆ ಒಳಗೆ ಹೋಗಿ, ಮೆಣಸಿನ ಸಾರಿಗೆ ಒಗ್ಗರಣೆ ಹಾಕಿದರು.

ಆ ಚಳಿಗಾಲ ಅತ್ತಿಗೆ ನಾಲ್ಕು ಗಂಟೆಗೆ ಏಳುವುದನ್ನು ರೂಢಿಸಿಕೊಂಡರು. ಮೇಲಿನವರಿಗೆ ಬಿಸಿನೀರು ಬೇಕಲ್ಲ ಎನ್ನುವುದು ನೆಪ. ಮೇಲಿನವರು ಹೋದ ಮೇಲೂ ನಾಲ್ಕಕ್ಕೇ ಎದ್ದರು. 2018ರಲ್ಲಿ ಆಕೆ ಮತ್ತೆ ಬಂದರು. 2019ರ ಜೂನ್ ತಿಂಗಳಲ್ಲಿ, ಮಹಡಿ ಖಾಲಿಯಿದ್ದಾಗ, ಅತ್ತಿಗೆ ನನ್ನನ್ನು ಕರೆದು ಬಹಳ ಗುಟ್ಟಿನ ವಿಷಯವೆಂಬಂತೆ ಹೇಳಿದರು: “ನಾನು ಸಂಗೀತಕ್ಕೆ ಸೇರಿದೀನಿ ಕಣಪ್ಪ. ನಿನ್ನ ಹೆಂಡತಿಗೆ ಹೇಳು. ಬೇರೆ ಯಾರಿಗೂ ಬೇಡ.”

ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1978ರಲ್ಲಿ, ಮದುವೆಯಾಗಿ ಈ ಮನೆಗೆ ಬಂದಾಗ ಅವರಿಗೆ ಗೀತೆಗಳವರೆಗೆ ಪಾಠವಾಗಿತ್ತಂತೆ. ಅದು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಯಾರೂ ಕೇಳಿರಲೂ ಇಲ್ಲ. ಹೊಸ ಗುರು ಇಪ್ಪತ್ತಾರು ವರ್ಷದ ಹುಡುಗಿ. ಅತ್ತಿಗೆಯ ಕಂಠವನ್ನು ಕೇಳಿ, “ಸ್ವರ ನಿಲ್ಲುತ್ತಿಲ್ಲ ಆಂಟಿ, ಸರಳೆ ವರಸೆಯಿಂದಲೇ ಶುರುಮಾಡೋಣ” ಎಂದಳು. ಸಂಜೆ ಐದಕ್ಕೆ ಎಂಟು ಒಂಬತ್ತು ವರ್ಷದ ಮಕ್ಕಳ ಸಾಲಿನಲ್ಲಿ ಕುಳಿತು ಅರವತ್ತರ ಅತ್ತಿಗೆ ಮಾಯಾಮಾಳವಗೌಳದಲ್ಲಿ ಸರಿಗಮ ಹೇಳಿದರು. ಮೊದಲ ವಾರವೇ ಪಕ್ಕದ ಪುಟಾಣಿಯೊಂದು, “ಅಜ್ಜಿ, ನೀವು ಒಂದು ಪೆಟ್ಟು ಮುಂಚೆ ಬೆರಳು ಮಡಿಸಿದಿರಿ” ಎಂದು ಎಲ್ಲರೆದುರು ಹೇಳಿತು. ಇದನ್ನು ನನಗೆ ಹೇಳುವಾಗ ಅತ್ತಿಗೆಯ ಮುಖ ನೋಡಬೇಕಿತ್ತು. ನಲವತ್ತು ವರ್ಷಗಳಲ್ಲಿ ಅವರ ಸಾರಿಗೆ ಉಪ್ಪು ಸಾಲದೆಂದು ಹೇಳಿದವರಿದ್ದರು. ತಾಳ ತಪ್ಪಿತೆಂದು ಹೇಳಿದವರು ಇದೇ ಮೊದಲು.

ಇಲ್ಲಿಗೆ ಕಥೆ ಮುಗಿಸಿದರೆ ಎಲ್ಲರಿಗೂ ಹಿತವಾಗಿರುತ್ತದೆ. ಆದರೆ ಇಬ್ಬರು ಮುದುಕಿಯರು ಹೊಸಬರಾದುದಕ್ಕೆ ಬೆಲೆ ಬೇರೆಯವರೂ ತೆತ್ತರು. ಅದನ್ನು ಹೇಳದೆ ಬಿಟ್ಟರೆ ಇದು ಜಾಹೀರಾತು ಆದೀತು.

ಮಹಡಿ ಅಜ್ಜಿ ಮೊದಲ ಸಲ ಬಂದಾಗ ಅವರ ಮಗಳಿಗೆ ಮಗುವಾಗಿ ಐದು ತಿಂಗಳು. ಆ ದೇಶದಲ್ಲಿ ಬಾಣಂತಿಗೆ ಸರ್ಕಾರದ ಸಹಾಯ ಬೇಕಾದಷ್ಟಿದೆ. ಆದರೆ ಸರ್ಕಾರವು ತಾಯಿಯಲ್ಲ. ನನಗೆ ನೀನು ಬೇಕಾದಾಗಲೇ ನಿನಗೆ ನೀನು ಬೇಕಾದೆಯಾ ಎಂದು ಮಗಳು ಬರೆದಳಂತೆ. ಆಕೆ ಅದನ್ನು ನನಗೆ ಓದಿ ಹೇಳಿದಾಗ ಸಮರ್ಥನೆಗೆ ಒಂದು ಮಾತನ್ನೂ ಸೇರಿಸಲಿಲ್ಲ. ಇತ್ತ ಅತ್ತಿಗೆಯ ಮಗನಿಗೆ 2022ರಲ್ಲಿ ಗಂಡುಮಗುವಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಬಾಡಿಗೆಗೆ ಕೊಟ್ಟು ಪುಣೆಗೆ ಬಂದುಬಿಡು ಎಂದು ಅವನು ಕರೆದ. ಅತ್ತಿಗೆ ಉತ್ತರ ಹೇಳಲು ಒಂದು ವಾರ ತೆಗೆದುಕೊಂಡರು. ಅವನು ನನಗೆ ಫೋನು ಮಾಡಿದ: “ಚಿಕ್ಕಪ್ಪ, ಅಮ್ಮನಿಗೆ ಮೊಮ್ಮಗನಿಗಿಂತ ಸರಿಗಮ ಹೆಚ್ಚಾಯ್ತಾ? ನೀವಾದರೂ ಹೇಳಿ.” ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ದಿಗ್ಭ್ರಮೆ. ತಾಯಿ ಎಂಬುದು ಯಾವಾಗ ಬೇಕಾದರೂ ತೆರೆಯುವ ಬಾಗಿಲು ಎಂದು ನಂಬಿದ್ದವನಿಗೆ ಮೊದಲ ಬಾರಿ ಬಾಗಿಲು ತಟ್ಟಬೇಕಾಗಿತ್ತು.

ಆ ವರ್ಷ ನಾನು ಪದವಿ ತರಗತಿಗೆ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಪಾಠ ಮಾಡುತ್ತಿದ್ದೆ. 1961ರ ನಾಟಕ; ಕಥೆ ಭಾರತದ್ದು. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದ ರಾಜ ಮಗ ಪೂರುವಿನ ಯೌವನವನ್ನು ಕೇಳಿ ಪಡೆಯುತ್ತಾನೆ. ಹಿರಿಯರ ನವೀಕರಣದ ಬೆಲೆಯನ್ನು ಕಿರಿಯರು ತೆರುವ ಕಥೆಗಳಲ್ಲಿ ಇದಕ್ಕಿಂತ ಘೋರವಾದದ್ದಿಲ್ಲ. ಕಾರ್ನಾಡರು ಮಗನ ಎಳೆಯ ಹೆಂಡತಿಯನ್ನು ಮುಂದಕ್ಕೆ ತಂದು, ಆ ಬೆಲೆ ಎಷ್ಟೆಂಬುದನ್ನು ನಮ್ಮ ಕಣ್ಣಿಗೆ ಕಟ್ಟಿದರು. ಪಾಠ ಮಾಡುತ್ತಿರುವಾಗಲೇ ನನ್ನ ಮನಸ್ಸು ಅತ್ತಿಗೆಯ ಕಡೆಗೆ ಹೋಗುತ್ತಿತ್ತು. ಅವರೂ ಮಗನ ಪಾಲಿನದೇನನ್ನಾದರೂ ತೆಗೆದುಕೊಳ್ಳುತ್ತಿದ್ದಾರೆಯೆ?

ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಯಯಾತಿ ಬಯಸಿದ್ದು ಹೋದದ್ದು ಮರಳಿ ಬರಲೆಂದು. ಅದು ಯಾರಿಂದಲಾದರೂ ಕಸಿಯದೆ ಬರುವಂಥದಲ್ಲ. ಮಹಡಿ ಅಜ್ಜಿ ಯೌವನವನ್ನು ಕೇಳಲಿಲ್ಲ. ನರೆಗೂದಲಿಗೆ ಬಣ್ಣ ಕೂಡ ಹಚ್ಚಲಿಲ್ಲ. ಅವರು ಕೇಳಿದ್ದು ಪಾಠ. ಪಾಠ ಒಬ್ಬರಿಂದ ಕಸಿಯಬೇಕಾದ ವಸ್ತುವಲ್ಲ, ಕೊಟ್ಟವರಲ್ಲಿಯೂ ಉಳಿಯುತ್ತದೆ. ಆದರೆ ಪಾಠಕ್ಕೆ ಹೊತ್ತು ಬೇಕು, ಆ ಹೊತ್ತಿಗೆ ಮಕ್ಕಳು ಮೊದಲೇ ಹಕ್ಕುದಾರರಾಗಿ ನಿಂತಿರುತ್ತಾರೆ. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿ ವಾನಪ್ರಸ್ಥವೆಂದು ಒಂದು ಆಶ್ರಮವನ್ನೇ ಕಲ್ಪಿಸಿದರು: ಮಗನ ಮಗನನ್ನು ಕಂಡ ಮೇಲೆ ಮನೆ ಬಿಟ್ಟು ಹೊರಡಬಹುದು. ನಾವು ಅದನ್ನು ತಿರುಗಿಸಿ ಇಟ್ಟಿದ್ದೇವೆ. ಮಗನ ಮಗನನ್ನು ಕಂಡ ಮೇಲೆ ಮನೆ ಬಿಟ್ಟು ಹೊರಡುವಂತಿಲ್ಲ. ಹಿರಿಯರಿಗೆ ಗೌರವ ಕೊಡುತ್ತೇವೆ, ಕಾಲಿಗೆ ಬೀಳುತ್ತೇವೆ, ಮೇಲಿನ ಮಣೆ ಹಾಕುತ್ತೇವೆ. ಕೆಳಗೆ ಮಕ್ಕಳ ಸಾಲಿನಲ್ಲಿ ಕೂರಲು ಮಾತ್ರ ಬಿಡುವುದಿಲ್ಲ.

ಕಲಿಸುವವರೂ ಆ ವಯಸ್ಸಿನಲ್ಲಿ ಮೊದಲಿನಿಂದ ಆರಂಭಿಸಿದ್ದುಂಟು. ಅರಮನೆಯ ಯೋಗಶಾಲೆ 1950ರಲ್ಲಿ ಮುಚ್ಚಿದಾಗ ಕೃಷ್ಣಮಾಚಾರ್ಯರಿಗೆ ಅರವತ್ತು ದಾಟಿತ್ತು. ರಾಜಾಶ್ರಯ ಹೋಯಿತು, ದೊಡ್ಡ ಸಂಸಾರ. ಅವರು ಮದರಾಸಿಗೆ ಹೋಗಿ, ಹೊಸ ಊರಿನಲ್ಲಿ ಒಬ್ಬೊಬ್ಬರನ್ನಾಗಿ ಶಿಷ್ಯರನ್ನು ಪಡೆದು, ಒಬ್ಬೊಬ್ಬರ ಮೈಗೆ ತಕ್ಕಂತೆ ಪಾಠವನ್ನು ಬದಲಿಸಿಕೊಂಡು, ನೂರು ವರ್ಷ ಬಾಳಿ 1989ರಲ್ಲಿ ತೀರಿಕೊಂಡರು. ಅವರ ಶಿಷ್ಯೆ ಇಂದ್ರಾದೇವಿ ರೀಗಾ ನಗರದಲ್ಲಿ ಹುಟ್ಟಿದಾಕೆ. ಮೂವತ್ತೆಂಟರ ಸುಮಾರಿಗೆ ಮೈಸೂರಿಗೆ ಬಂದು, ವಿದೇಶದ ಹೆಂಗಸಿಗೆ ಪಾಠವಿಲ್ಲ ಎಂದ ಗುರುವಿನಿಂದ, ಮಹಾರಾಜರ ಮಾತಿನ ಬೆಂಬಲದಿಂದ, ಪಾಠ ಹೇಳಿಸಿಕೊಂಡರು. ಮುಂದೆ ಚೀನಾ, ಅಮೆರಿಕ, ಕೊನೆಗೆ ಅರ್ಜೆಂಟೀನಾ ದೇಶದಲ್ಲಿ ಕಲಿಸಿ, 2002ರಲ್ಲಿ ನೂರ ಎರಡು ವರ್ಷದವರಾಗಿ ಕಾಲವಾದರು. ಅಯ್ಯಂಗಾರ್ಯರು ಬೆಲ್ಜಿಯಂನ ರಾಜಮಾತೆ ಎಲಿಸಬೆತ್ ಅವರಿಗೆ ಶೀರ್ಷಾಸನ ಕಲಿಸಿದಾಗ ಆಕೆಗೆ ಎಂಬತ್ತು ದಾಟಿತ್ತು. ಕಿರೀಟ ಹೊತ್ತ ತಲೆಯನ್ನು ನೆಲಕ್ಕೆ ಊರಿದ ಆ ಅಜ್ಜಿಯನ್ನು ನೆನೆದಾಗಲೆಲ್ಲ ನಮ್ಮ ಗಾದೆಗಳ ಬಗ್ಗೆ ನನಗೆ ಕನಿಕರ ಹುಟ್ಟುತ್ತದೆ.

ಹಾಗೆಂದು ಮಗನಿಗೆ ನಾನು ಭಾಷಣ ಮಾಡಲಿಲ್ಲ. “ನಿಮ್ಮಮ್ಮನ್ನೇ ಕೇಳು. ಬರ್ತೀಯಾ ಅಂತಲ್ಲ, ಎಷ್ಟು ದಿನ ಬರ್ತೀಯಾ ಅಂತ ಕೇಳು” ಎಂದೆ. ಅವನು ಕೇಳಿದ. ಅತ್ತಿಗೆ ಐದು ತಿಂಗಳು ಎಂದರು. ಶ್ರುತಿಪೆಟ್ಟಿಗೆಯನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡು ಪುಣೆಗೆ ಹೋದರು. ಹಗಲೆಲ್ಲ ಮಗು, ಸಂಜೆ ಐದಕ್ಕೆ ಸೊಸೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಾಠ. ಮೊದಲು ಮುಖ ಗಂಟಿಕ್ಕಿದ್ದ ಸೊಸೆ, ಅತ್ತೆ ಜಂಟಿ ವರಸೆ ಹೇಳತೊಡಗಿದರೆ ಮಗು ಅಳು ನಿಲ್ಲಿಸುತ್ತದೆಂಬುದನ್ನು ಕಂಡುಕೊಂಡ ಮೇಲೆ ತಾನೇ ಬಾಗಿಲು ತೆರೆದಿಡುತ್ತಿದ್ದಳಂತೆ. ಐದು ತಿಂಗಳು ತುಂಬಿದ ದಿನ ಅತ್ತಿಗೆ ರೈಲು ಹತ್ತಿದರು. ಮಗ ನಿಲ್ದಾಣಕ್ಕೆ ಬಂದು ಕಳುಹಿಸಿದ, ಮಾತು ಕಡಮೆಯಿತ್ತು. ಈಗ ವರ್ಷಕ್ಕೆ ಇಷ್ಟು ಕಾಲ ಅಲ್ಲಿ, ಇಷ್ಟು ಕಾಲ ಇಲ್ಲಿ ಎಂದು ಒಪ್ಪಂದ. ಅವನಿಗೆ ಪೂರ್ತಿ ಸಮಾಧಾನವಾಗಿದೆಯೆಂದು ನಾನು ಹೇಳಲಾರೆ. ಮಗು ಒಮ್ಮೆ ಜ್ವರದಲ್ಲಿ ಅಜ್ಜಿಯನ್ನು ಕೇಳಿ ಅತ್ತ ರಾತ್ರಿಯನ್ನು ಅವನೂ ಮರೆತಿಲ್ಲ, ಅತ್ತಿಗೆಯೂ ಮರೆತಿಲ್ಲ.

2020ರ ಮಾರ್ಚಿನಲ್ಲಿ ರೋಗದ ಭಯಕ್ಕೆ ಗೋಕುಲಂ ಕೆಲವೇ ದಿನಗಳಲ್ಲಿ ಬರಿದಾಗಿತ್ತು. ವಿಮಾನಗಳು ನಿಲ್ಲುವ ಮುನ್ನ ಮಹಡಿ ಅಜ್ಜಿ ಒಂದೇ ಕೈಚೀಲದಲ್ಲಿ ಹೊರಟುಹೋದರು. ಅವರ ಚಾಪೆ ನಾಲ್ಕು ವರ್ಷ ಅತ್ತಿಗೆಯ ಅಟ್ಟದಲ್ಲಿತ್ತು. 2024ರ ಜನವರಿಯಲ್ಲಿ ಮತ್ತೆ ಬಂದಾಗ ಅವರಿಗೆ ಅರವತ್ತೊಂಬತ್ತು. ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಶಾಲೆಯ ಯುವಕ, ಈಗ ಅವನ ಕಿವಿಯ ಬಳಿಯೂ ಒಂದೆರಡು ಬಿಳಿಗೂದಲು, ಆಕೆಯ ಅಭ್ಯಾಸವನ್ನು ಒಂದು ದಿನ ನೋಡಿ, ಮರೀಚ್ಯಾಸನ ಬೇಡ, ನಿಂತು ಮಾಡುವ ಆಸನಗಳಷ್ಟೇ ಸಾಕು ಎಂದ. ಆರು ವರ್ಷ ‘ನಾಳೆ’ ಎಂದದ್ದನ್ನು ‘ಇಲ್ಲ’ ಎಂದು ಮುಗಿಸಿದ. ಅಂದು ಆಕೆ ಎಳನೀರಿನ ಗಾಡಿಯ ಬಳಿ ಎಂದಿಗಿಂತ ಹೆಚ್ಚು ಹೊತ್ತು ಕುಳಿತಿದ್ದರು. ಬೇಸರವಾಯಿತೆ ಎಂದು ಕೇಳಿದೆ. “ಆಯಿತು” ಎಂದರು, ಸುಳ್ಳು ಹೇಳುವವರಲ್ಲ. “ಆದರೆ ಅವನು ನಾಚಿಕೊಳ್ಳದೆ ಹೇಳಿದ” ಎಂದು ಸೇರಿಸಿದರು.

ಈ ಸಲ ಅವರು ಒಬ್ಬರೇ ಬಂದಿರಲಿಲ್ಲ. ಮಗಳೂ ಆರು ವರ್ಷದ ಮೊಮ್ಮಗಳೂ ಎರಡು ವಾರಕ್ಕೆಂದು ಜೊತೆಗೆ ಬಂದಿದ್ದರು. ಮಗಳು ಯೋಗಕ್ಕೆ ಹೋಗಲಿಲ್ಲ. ತಾಯಿಯನ್ನು ಇಷ್ಟು ವರ್ಷ ಎಳೆದ ಊರು ಯಾವುದೆಂದು ನೋಡಲು ಬಂದವಳಂತೆ ಬೀದಿಬೀದಿ ಸುತ್ತಿದಳು. ಅವಳ ಮುಖದಲ್ಲಿ ಹಳೆಯ ದೂರು ಪೂರ್ತಿ ಅಳಿದಿರಲಿಲ್ಲ. ಅವಳು ಬಂದ ಮೊದಲ ಶುಕ್ರವಾರ ಅತ್ತಿಗೆ ಯಾರನ್ನೂ ಕೇಳಲಿಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಎಣ್ಣೆ ಕಾಯಿಸಿ, ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ಒಬ್ಬರಾದ ಮೇಲೊಬ್ಬರಂತೆ ಕೂರಿಸಿದರು. ಐದು ಗಂಟೆಗೆ ಸರಿಯಾಗಿ ಸೆರಗು ಒರೆಸಿಕೊಂಡು, ಪುಸ್ತಕ ಹಿಡಿದು ಪಾಠಕ್ಕೆ ಹೊರಟರು. ಅವರಿಗೆ ಆಗ ಅಲಂಕಾರಗಳು ನಡೆಯುತ್ತಿದ್ದವು. ಮೇಲಿನ ಷಡ್ಜ ಇನ್ನೂ ಸರಿಯಾಗಿ ಹತ್ತುತ್ತಿರಲಿಲ್ಲ.